ಪ್ರೆಶರ್ ಅಂಕಲ್
ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಗಂಡಸನ್ನು ಕಟ್ಟಿಕೊಂಡವಳಿಗೆ ನೀರೇ ಸವತಿ. ನಲ್ಲಿಯ ಗಡಸು ನೀರು ಮೀನಿಗೆ ಆಗದೆಂದು ಆರ್‌ಒ ಫಿಲ್ಟರ್ ಹಾಕಿಸಿದ ಮೇಲೆ ಅವಳ ಯಜಮಾನರು ಬೀದಿಯ ಮಕ್ಕಳ ಬಾಯಲ್ಲಿ ಪ್ರೆಶರ್ ಅಂಕಲ್ ಆದರು. ಫಿಲ್ಟರಿಗೆ ನೀರು ರಭಸವಾಗಿ ನುಗ್ಗದಿದ್ದರೆ ಅವರಿಗೆ ಊಟ ಸೇರದು. ಅವಳು ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದರೆ ಸಾಕು, "ಲೇ, ನಿಲ್ಸೇ, ಪ್ರೆಶರ್ ಬಿತ್ತು!" ಎಂದು ಕೂಗು. "ನನ್ನ ಪ್ರೆಶರ್ ಏರ್ತಿದೆಯಲ್ಲ, ಅದನ್ನ ನೋಡೋರು ಯಾರು?" ಎಂದು ಇವಳು. ಕೆಸರು ಹಿಡಿದ ಜಾಲರಿ ಬದಲಿಸಿದರು, ಪುಟ್ಟ ಪಂಪು ಕೂರಿಸಿದರು, ಕೊನೆಗೆ ಇಟ್ಟಿಗೆ ಕಟ್ಟೆ ಕಟ್ಟಿಸಿ ತಾರಸಿಯ ಟ್ಯಾಂಕನ್ನೇ ಮೇಲಕ್ಕೇರಿಸಿದರು. ಮನೆಗೆ ಬಂದವರಿಗೆ ಕೂರಿ ಎನ್ನುವ ಮೊದಲೇ ಪಾಠ: "ಎತ್ತರಕ್ಕಿಟ್ರೆ ನೀರು ತಾನಾಗೇ ಓಡುತ್ತೆ." ಕಾಯಿಲೆ ಉಲ್ಬಣಿಸಿ ಆಸ್ಪತ್ರೆಯಲ್ಲಿ ಮಲಗಿದಾಗಲೂ ಬಿಡಲಿಲ್ಲ. ಡ್ರಿಪ್ ತೊಟ್ಟಿಕ್ಕುವುದನ್ನೇ ನೋಡಿ, "ಸಿಸ್ಟರ್, ಬಾಟ್ಲಿ ಸ್ವಲ್ಪ ಮೇಲೆ ಕಟ್ಟಮ್ಮ, ಪ್ರೆಶರ್ ಸಾಲ್ದು" ಎಂದರು. ನರ್ಸ್ ನಕ್ಕು, ನಿಜಕ್ಕೂ ಎತ್ತಿ ಕಟ್ಟಿದಳು. ಹನಿ ಚುರುಕಾಯಿತು. ಅವರು ಗೆದ್ದವರಂತೆ ಹೆಂಡತಿಯ ಮುಖ ನೋಡಿದರು. ನಾಲ್ಕು ಜನರೆದುರು ಅವಳಿಗೆ ನಾಚಿಕೆಯಾಯಿತು. "ಸುಮ್ನಿರ್ರೀ ಸಾಕು, ಇಲ್ಲೂ ನಿಮ್ಮ ಮೀನಿನ ಪುರಾಣ" ಎಂದಳು. ಅವರು ಸುಮ್ಮನಾದರು. ಸಂಜೆಗೆ ಉಸಿರೂ ನಿಂತಿತು. ಅಷ್ಟು ವರ್ಷದ ಸಂಸಾರದಲ್ಲಿ ಅವಳ ಮಾತನ್ನು ಒಂದೇ ಸಲಕ್ಕೆ ಕೇಳಿದ್ದು ಅದೊಂದೇ.