ಮೇಟ್ರನ್ ಅವರ ಮನೆತನದ ಹೆಸರು

ಬನ್ಸಿನ ಹಿಟ್ಟಿಗೆಂದು ಹುಳಿ ಮೊಸರಿಗೆ ಅಡಿಗೆ ಸೋಡಾ ಹಾಕಿದ ಕೂಡಲೇ ಸುಂಯ್ ಎಂದು ನೊರೆ ಏಳುತ್ತದೆ. ಆ ನೊರೆಗೊಂದು ವಾಸನೆ ಇದೆ. ಪೂರ್ತಿ ಹುಳಿಯೂ ಅಲ್ಲ, ಸಾಬೂನಿನದ್ದೂ ಅಲ್ಲ, ಎರಡರ ನಡುವಿನದು. ಮೊನ್ನೆ ಸಂಜೆ ಮಂಗಳೂರಿನ ನನ್ನ ಅಡಿಗೆಮನೆಯಲ್ಲಿ ಅದು ಮೂಗಿಗೆ ಬಡಿದಾಗ ಬಾಳೆಹಣ್ಣು ಹಿಸುಕುತ್ತಿದ್ದ ಕೈ ತಾನಾಗಿ ನಿಂತಿತು. ದೋಹಾದ ಮದೀನತ್ ಖಲೀಫಾದಲ್ಲಿ ಎರಡು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದ ಆ ಹಳೆಯ ವಿಲ್ಲಾ, ನಡುವಿನ ತೆಳು ಗೋಡೆ, ಗೋಡೆಯ ಆಚೆ ಒಬ್ಬರೇ ಇದ್ದ ಐರಿಷ್ ಮೇಟ್ರನ್…

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಅವರು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ದಾದಿಯರ ಮೇಲ್ವಿಚಾರಕಿ. ಹಾಗಾಗಿ ನಮಗೆಲ್ಲ ಮೇಟ್ರನ್. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆತನದ ಹೆಸರು ಎಷ್ಟು ಅಪರೂಪವೆಂದರೆ, ಬರೆದರೆ ಸಂತೆಯ ನಡುವೆ ಅವರನ್ನೇ ಬೊಟ್ಟು ಮಾಡಿ ತೋರಿಸಿದ ಹಾಗಾಗುತ್ತದೆ.

ಗೋಡೆಯ ಈಚೆ ನಾನು ಮತ್ತು ನನ್ನವರು. ಅವರು ಒಂದು ಕಟ್ಟಡ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಆಗ ಅಲ್ಲಿ ಚರ್ಚ್ ಇರಲಿಲ್ಲ. ಶುಕ್ರವಾರ ರಜೆಯ ದಿನ ಬೆಳಿಗ್ಗೆ ಕರಾವಳಿಯ ಕೆಲವು ಕೊಂಕಣಿ ಕುಟುಂಬಗಳು ನಮ್ಮ ಮನೆಯ ಹಾಲ್‌ನಲ್ಲಿ ಸೇರಿ ಜಪಸರ ಮಾಡಿ, ಊರಿನ ಹಾಡು ಹಾಡಿ, ಚಾ ಕುಡಿದು ಹೋಗುತ್ತಿದ್ದವು. ಬೇಡ ಎಂದು ಯಾರೂ ಹೇಳಿರಲಿಲ್ಲ, ಆಗಬಹುದು ಎಂದೂ ಯಾರೂ ಹೇಳಿರಲಿಲ್ಲ. ಕಿಟಕಿಗಳನ್ನು ಮುಚ್ಚುತ್ತಿದ್ದೆವು. ಚಪ್ಪಲಿಗಳನ್ನು ಒಳಗೇ ತಂದು ಸೋಫಾದ ಹಿಂದೆ ಇಡುತ್ತಿದ್ದೆವು. ಯಾರಾದರೊಬ್ಬರು ದೂರು ಕೊಟ್ಟರೆ ಮನೆ ಬಿಡಬೇಕು. ನನ್ನವರ ಸ್ಪಾನ್ಸರ್ ಕಿವಿಗೆ ಬಿದ್ದರೆ ವೀಸಾ ಖಲಾಸ್, ಊರಿನ ವಿಮಾನ. ಆ ಭಯ ನಮ್ಮ ಹಾಡುಗಳ ಒಳಗೇ ಇತ್ತು. ಏರುದನಿ ಬರುವ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಸ್ವರ ಇಳಿಸುತ್ತಿದ್ದೆವು.

ಅಂಥದ್ದರಲ್ಲಿ ಈ ಮೇಟ್ರನ್ ಬಂದು, ವಾರವೂ ಆಗಿರಲಿಲ್ಲ, ಗೇಟಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು. "ನಿಮ್ಮ ಮನೆತನದ ಹೆಸರೇನು?" ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಪ್ರಶ್ನೆ ಬಂತು. "ಪೋರ್ಚುಗೀಸರು ಬರುವ ಮೊದಲು ಏನಿತ್ತು?"

ನಮ್ಮಲ್ಲಿ ಆ ಎರಡನೆಯ ಪ್ರಶ್ನೆಯನ್ನು ಕೇಳುವುದು ಮದುವೆ ಸಂಬಂಧ ಕುದುರಿಸುವ ರೈಭಾರಿ ಮಾತ್ರ. ಕ್ರೈಸ್ತರಾಗುವ ಮೊದಲು ನಾವು ಯಾವ ಪೈಕಿಯವರು, ಪ್ರಭುಗಳಾ, ಕಾಮತರಾ, ಶೆಣೈಗಳಾ ಎಂದು ಹಿತ್ತಲಲ್ಲಿ ನಿಂತು ಮೆಲ್ಲಗೆ ವಿಚಾರಿಸುವುದುಂಟು. ಆಸ್ಪತ್ರೆಯ ಬಿಳಿಯ ಹೆಂಗಸಿಗೆ ಅದೆಲ್ಲ ಯಾಕೆ? ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಒಳಗೆ ಓಡಿದೆ. ಒಲೆ ತಣ್ಣಗಿತ್ತು.

ಮರುದಿನ ಸಾಮಾನಿಗೆ ಹೋದಾಗ ಉಳ್ಳಾಲದ ಕಡೆಯ ಬ್ಯಾರಿ ಕಾಕ ತಮ್ಮ ಅಂಗಡಿಯಲ್ಲಿ ನನಗಾಗಿಯೇ ಕಾದಿದ್ದವರ ಹಾಗೆ ಶುರುಮಾಡಿದರು.

"ಬಾಯಮ್ಮ, ನಿಮ್ಮ ಆಚೆಮನೆ ಬಿಳಿ ಅಮ್ಮನಿಗೆ ಎಂತ ಆಗಿದೆ ಮಾರಾಯ್ರೆ? ಮಜ್ಜಿಗೆ ಬಾಟ್ಲಿ ತೆಕ್ಕೊಳ್ಳಲಿಕ್ಕೆ ಬಂದವರು ನನ್ನ ಅಜ್ಜನ ಹೆಸರು ಕೇಳ್ತಾರೆ. ಸತ್ತ ಅಜ್ಜನಿಗೆ ಇವರು ವೀಸಾ ಕೊಡ್ತಾರಾ?"

"ನೀವೆಂತ ಹೇಳಿದ್ರಿ ಕಾಕ?"

"ನಂದು ಬಿಡಿ, ಪಾಸ್‌ಪೋರ್ಟಿನಲ್ಲಿ ಊರ ಹೆಸರೇ ಕೊನೆಗೆ ಉಂಟಲ್ಲ, ಅದೇ ಹೇಳಿದೆ. ನಿಮ್ಮದೂ ಕೇಳಿದ್ರು. ಪೊರ್ಬುಗಳು ಅಂದೆ."

ನಮ್ಮ ಕಡೆ ತುಳುವರು, ಬ್ಯಾರಿಗಳು ಕೊಂಕಣಿ ಕ್ರೈಸ್ತರನ್ನೆಲ್ಲ ಪೊರ್ಬುಗಳು ಎಂದೇ ಕರೆಯುವುದು. ಎಂದೋ ಬಿಟ್ಟುಬಂದ ‘ಪ್ರಭು’ ಆ ಕರೆಯಲ್ಲಿ ಹಾಗೇ ಉಳಿದಿದೆ. ಕಾಕ ಪ್ರೀತಿಯಿಂದ ಹೇಳಿದ್ದು, ನನಗೆ ಮಾತ್ರ ಮನೆಯ ಕದ ತೆರೆದಿಟ್ಟ ಹಾಗಾಯಿತು. ಇಷ್ಟು ಸಾಲದೆಂಬಂತೆ ಅಂಗಡಿಯಲ್ಲಿದ್ದ ದೋಹಾದ ಫೋನ್ ಪುಸ್ತಕವನ್ನೂ ಮೇಟ್ರನ್ ಕಡ ಕೊಂಡುಹೋಗಿದ್ದರಂತೆ.

"ಯಾರಿಗೆ ಫೋನ್ ಮಾಡ್ಲಿಕ್ಕಂತೆ?"

"ಫೋನಲ್ಲ ಬಾಯಮ್ಮ, ಓದ್ಲಿಕ್ಕಂತೆ!"

ಆ ಶುಕ್ರವಾರ ಜಪಸರಕ್ಕಿಂತ ಮೊದಲು ಇದೇ ಚರ್ಚೆ. ನನ್ನವರು ಸಣ್ಣ ದನಿಯಲ್ಲಿ, "ಅವಳ ಹತ್ತಿರ ಜಾಸ್ತಿ ಮಾತು ಬೇಡ," ಎಂದರು. ನಮ್ಮ ಗುಂಪಿನಲ್ಲಿ ಹಿರಿಯರೆಂದರೆ ಕುಲಶೇಖರ ಕಡೆಯ ಒಬ್ಬರು ಹೆಂಗಸು. ಎಲ್ಲರೂ ಅವರನ್ನು ಮಾವ್ಶಿ ಎನ್ನುತ್ತಿದ್ದೆವು, ಎಂದರೆ ಚಿಕ್ಕಮ್ಮ. ಮಾವ್ಶಿ ಜಪಸರವನ್ನು ಕೈಗೆ ಸುತ್ತಿಕೊಳ್ಳುತ್ತಾ ತೀರ್ಪು ಕೊಟ್ಟರು.

"ಅವಳು ಸಿಐಡಿ, ಇಲ್ಲದಿದ್ದರೆ ರೈಭಾರಿ. ಎರಡೂ ಅಪಾಯವೇ. ಕೇಳಿದರೆ ಎಲ್ಲರೂ ಡಿಸೋಜ ಎನ್ನಿ. ಡಿಸೋಜರನ್ನು ಹುಡುಕಿ ಮುಗಿಸಿದವರು ಲೋಕದಲ್ಲಿ ಯಾರಿದ್ದಾರೆ?"

ಎಲ್ಲರೂ ನಕ್ಕರು. ಆದರೆ ಹಾಗೆಯೇ ಮಾಡಿದರು. ಮುಂದಿನ ವಾರಗಳಲ್ಲಿ ಗೇಟಿನ ಬಳಿ ಸಿಕ್ಕಿದವರನ್ನೆಲ್ಲ ಮೇಟ್ರನ್ ವಿಚಾರಿಸಿದರು, ಪಿಂಟೋಗಳೂ ಲೋಬೋಗಳೂ ರೊಡ್ರಿಗಸರೂ ಒಬ್ಬೊಬ್ಬರಾಗಿ ಡಿಸೋಜರಾದರು. ನನ್ನವರಂತೂ ಪಾಪನಿವೇದನೆಗೆ ಮೊಣಕಾಲೂರಿದವರ ಮುಖ ಮಾಡಿಕೊಂಡು "ಡಿಸೋಜ" ಎಂದರು. ಮೇಟ್ರನ್ ಪ್ರತಿ ಸಲವೂ ತಲೆಯಾಡಿಸಿ, "ಎಷ್ಟು ಒಳ್ಳೆಯದು," ಎನ್ನುತ್ತಿದ್ದರು. ಅದರಲ್ಲಿ ಎಂತ ಒಳ್ಳೆಯದು? ನನಗೆ ಅದೂ ಸಂಶಯವೇ.

ಆಮೇಲೆ ವಾಷಿಂಗ್ ಮೆಷಿನ್ ಶುರುವಾಯಿತು.

ಶುಕ್ರವಾರ ನಾವು ಮೊದಲ ಹಾಡು ಎತ್ತಿದ ಕೂಡಲೇ ಗೋಡೆಯ ಆಚೆ ಗರ್ ಎಂದು ಸದ್ದು. ಹಳೆಯ ಮೆಷಿನ್ನು, ಕಲ್ಲು ತುಂಬಿದ ಲಾರಿ ಘಾಟಿ ಹತ್ತುವ ಹಾಗೆ. ಗೋಡೆಯ ಮೇಲಿನ ಕ್ಯಾಲೆಂಡರ್ ನಡುಗುತ್ತಿತ್ತು. ಕೊನೆಯ ಹಾಡು ಮುಗಿಯುವವರೆಗೂ ಅದು ನಿಲ್ಲುತ್ತಿರಲಿಲ್ಲ. "ಸೈತಾನನ ಮೆಷಿನ್," ಎಂದು ಮಾವ್ಶಿ ಶಪಿಸುತ್ತಿದ್ದರು. ಬೇಕೆಂದೇ ಮಾಡುತ್ತಿದ್ದಾರೆ ಎಂದು ನಮಗೆಲ್ಲ ಖಾತ್ರಿಯಾಗಿತ್ತು. ಸಿಟ್ಟಿಗೆ ನಾವೂ ಗಟ್ಟಿಯಾಗಿ ಹಾಡತೊಡಗಿದೆವು.

ಬಟ್ಟೆ ಒಣಗಿಸುವ ಹಗ್ಗ ಹಿಂದಿನ ಅಂಗಳದಲ್ಲಿ ಎರಡು ಮನೆಗೂ ಒಂದೇ. ಮನೆಯಲ್ಲಿರುವ ಹೆಂಗಸಿಗೆ ಇಂಥದ್ದೆಲ್ಲ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಅಷ್ಟು ಹೊತ್ತು ಮೆಷಿನ್ ತಿರುಗಿದ ಮೇಲೂ ಹಗ್ಗದ ಮೇಲೆ ಅವರದ್ದೊಂದು ಕರವಸ್ತ್ರವೂ ಇರುತ್ತಿರಲಿಲ್ಲ. ಅವರ ಬಿಳಿ ಯೂನಿಫಾರ್ಮುಗಳು, ದಿಂಬಿನ ಚೀಲಗಳು ಸಹ ಆಸ್ಪತ್ರೆಯ ಲಾಂಡ್ರಿಯಿಂದ ಇಸ್ತ್ರಿಯಾಗಿ ಬರುತ್ತಿದ್ದವು. ಹಾಗಾದರೆ ಒಳಗೆ ತೊಳೆಯುವುದೇನನ್ನು? ನನ್ನವರಿಗೆ ಹೇಳಿದೆ. "ಟೇಪ್ ರೆಕಾರ್ಡರ್ ಸದ್ದು ಕೇಳಬಾರದೆಂದು ಇರಬಹುದು," ಎಂದು ಅವರು ಇನ್ನಷ್ಟು ಹೆದರಿಸಿದರು.

ಒಂದು ಮಧ್ಯಾಹ್ನ ಮೇಟ್ರನ್ ಚಾಕ್ಕೆ ಕರೆದರು. ಹೋಗದಿದ್ದರೆ ಇನ್ನೂ ಸಂಶಯ ಬಂದೀತೆಂದು ಹೋದೆ. ಮನೆ ತುಂಬ ಅದೇ ವಾಸನೆ. ಅಂಗಡಿಯ ಮಜ್ಜಿಗೆಗೆ ಸೋಡಾ ಹಾಕಿ, ಗೋಧಿ ಹಿಟ್ಟು ಕಲಸಿ, ಮೇಲೆ ಚೂರಿಯಿಂದ ಶಿಲುಬೆಯ ಗೀರು ಹಾಕಿ ಸುಟ್ಟ ಬ್ರೆಡ್ಡು. ಶಿಲುಬೆ ನೋಡಿ ನನ್ನ ಮುಖ ಅರಳಿರಬೇಕು. ಅವರು ಒಣಗಿದ ದನಿಯಲ್ಲಿ, "ಅದು ಒಳಗೆ ಬೇಯಲೆಂದು," ಎಂದರು.

ಫೋನ್ ಪುಸ್ತಕ ಮೇಜಿನ ಮೇಲೇ ಇತ್ತು. ಯಾವ ಊರಿಗೆ ಹೋದರೂ ಮೊದಲು ತಮ್ಮ ಹೆಸರಿನ ಪುಟ ತೆರೆಯುವುದು ಅವರ ಅಭ್ಯಾಸವಂತೆ. ಲಂಡನ್ನಿನಲ್ಲಿ ಒಬ್ಬ ಸಿಕ್ಕಿದ್ದ, ಆದರೆ ಫೋನ್ ಎತ್ತಲಿಲ್ಲ. ಬೋಸ್ಟನ್ನಿನಲ್ಲಿ ಒಂದು ಮನೆ, ಅವರು ಅಕ್ಷರಗಳನ್ನೇ ಬದಲಿಸಿಕೊಂಡಿದ್ದರು. "ದೋಹಾದ ಪುಸ್ತಕದಲ್ಲಿ ಯಾರೂ ಇಲ್ಲ. ನಾನೂ ಇಲ್ಲ," ಎಂದು ನಕ್ಕರು.

ಅವರು ಹೇಳಿದ್ದರಲ್ಲಿ ನನಗೆ ನೆನಪಿರುವುದಿಷ್ಟು… ಅದು ಮೊದಲು ಹೆಸರಲ್ಲ, ಕೆಲಸ. ಐರ್ಲೆಂಡಿನ ಪಶ್ಚಿಮದ ಒಂದು ಕಣಿವೆಯಲ್ಲಿ ಯಾವನೋ ಸಂತನ ಗಂಟೆಯೊಂದಿತ್ತು. ಅದನ್ನು ತಲೆಮಾರಿನಿಂದ ತಲೆಮಾರಿಗೆ ಕಾಯುತ್ತಿದ್ದ ಮನೆಯವರನ್ನು ಅಲ್ಲಿಯ ಭಾಷೆಯಲ್ಲಿ ‘ಗಂಟೆಯವನ ಮಕ್ಕಳು’ ಎನ್ನುವಂಥ ಉದ್ದದ ಹೆಸರಿನಿಂದ ಕರೆಯುತ್ತಿದ್ದರು. ಇಂಗ್ಲಿಷ್ ಗುಮಾಸ್ತರು ಬಂದು ಅದನ್ನು ತಮ್ಮ ಕಿವಿಗೆ ಬಿದ್ದಷ್ಟು ಬರೆದುಕೊಂಡರು. ಕೆಲವು ದಾಯಾದಿಗಳು ಸುಲಭವಾಗಲೆಂದು ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಬೇರೆ ಜನರ ನಡುವೆ ಕರಗಿಹೋದರು. ಬರಗಾಲದಲ್ಲಿ ಕೆಲವರು ಸತ್ತರು, ಕೆಲವರು ಹಡಗು ಹತ್ತಿದರು. ಉಳಿದದ್ದು ಒಂದು ಕಣಿವೆಯ ನಾಲ್ಕಾರು ಮನೆ.

"ಆ ಮನೆಗಳು?" ಎಂದೆ.

"ಚಿಕ್ಕಪ್ಪಂದಿರು ಪಾದ್ರಿಗಳಾದರು, ಅತ್ತೆಯಂದಿರು ಕನ್ಯಾಸ್ತ್ರೀಯರಾಗಿ ಹೆಸರನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದರು. ನಮ್ಮನ್ನು ಮುಗಿಸಿದ್ದು ಬರಗಾಲವಲ್ಲ, ಜಪಸರ." ಅವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಮುಂದುವರಿಸಿದರು. "ನಾನು ಚರ್ಚಿಗೆ ಹೋಗುವುದು ಬಿಟ್ಟು ಬಹಳ ಕಾಲವಾಯಿತು."

ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು. ಆ ಸಿಸ್ಟರುಗಳನ್ನು ಅವರವರ ಊರಲ್ಲಿ ಯಾವ ಹೆಸರಿನಿಂದ ಕರೆಯುತ್ತಿದ್ದರೆಂದು ನಾನು ಒಮ್ಮೆಯಾದರೂ ಕೇಳಿದವಳಲ್ಲ. ಬ್ರೆಡ್ಡಿನ ತುಂಡನ್ನು ತಟ್ಟೆಗೇ ಇಟ್ಟೆ. ಜಪಸರದ ಮೇಲೆ ಇಷ್ಟು ಕೋಪವಿರುವವರು ಗೋಡೆಯ ಆಚೆ! ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ಅಂಗಡಿಯವರು ನಿಮ್ಮನ್ನು ಪೊರ್ಬು ಎನ್ನುತ್ತಾರೆ, ನೀವು ಡಿಸೋಜ ಎನ್ನುತ್ತೀರಿ," ಎಂದರು. ಪ್ರಶ್ನೆಯ ಹಾಗಿರಲಿಲ್ಲ. ನಾನು ನಗುತ್ತಾ ಸೆರಗು ಸರಿಮಾಡಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ನಾವು ಹೆದರಿದ್ದೇ ಆಯಿತು. ಒಂದು ಶುಕ್ರವಾರ ಎಲ್ಲರೂ ಚಾ ಕುಡಿಯುತ್ತಿರುವಾಗ ಮನೆ ಮಾಲೀಕರ ಕಡೆಯವನು ಗೇಟಿಗೆ ಬಂದ. ನನ್ನವರು ಬಟ್ಟಲನ್ನು ಕೆಳಗಿಟ್ಟು ಎದ್ದರು. ಡ್ಯೂಟಿಗೆ ಹೊರಟಿದ್ದ ಮೇಟ್ರನ್ ಯೂನಿಫಾರ್ಮಿನಲ್ಲೇ ಆಗಲೇ ಹೊರಗೆ ಬಂದಿದ್ದರು. ಹೋಯಿತು, ಎಂದುಕೊಂಡೆ. ಪರದೆಯ ಅಂಚಿನಿಂದ ನೋಡಿದೆ.

"ಕುಲ್ಲು ಜುಮಾ ವಾಜಿದ್ ನಫರ್. ಲೇಶ್?" ಎಂದ ಅವನು. ಪ್ರತಿ ಶುಕ್ರವಾರ ಇಷ್ಟು ಜನ ಯಾಕೆ ಎಂದು.

ಮೇಟ್ರನ್ ಸೊಂಟದ ಮೇಲೆ ಕೈಯಿಟ್ಟು, ವಾರ್ಡಿನಲ್ಲಿ ಗಲಾಟೆ ಮಾಡುವವರನ್ನು ಗದರುವ ದನಿಯಲ್ಲಿ ಹೇಳಿದರು. "ಆಯಿಲಾ. ವಾಹಿದ್ ಆಯಿಲಾ. ಕುಲ್ಲು ಡಿಸೋಜ. ಖಲಾಸ್!"

ಒಂದೇ ಕುಟುಂಬ, ಎಲ್ಲರೂ ಡಿಸೋಜ, ಮುಗಿಯಿತು. ಅವನು ಬಿಳಿ ಯೂನಿಫಾರ್ಮನ್ನು ನೋಡಿದ, ನಮ್ಮ ಬಾಗಿಲನ್ನು ನೋಡಿದ, ಕಾರು ಹತ್ತಿ ಹೋದ. ಮತ್ತೆ ಬರಲಿಲ್ಲ.

ಸಂಜೆ ಬನ್ಸ್ ಮಾಡಿ ಕೊಂಡುಹೋದೆ. ಅವರು ಒಂದನ್ನು ಮುರಿದು, ಮೂಸಿ, "ಸೋಡಾ," ಎಂದು ಸಂತೋಷಪಟ್ಟರು. ಆಮೇಲೆ, "ದೊಡ್ಡ ಕುಟುಂಬ ನಿಮ್ಮದು. ನನ್ನ ಹೆಸರಿನ ಇಷ್ಟು ಜನ ಒಂದು ಕೋಣೆಯಲ್ಲಿ ಸೇರಿದ್ದನ್ನು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೇನೆ. ನನಗೆ ಹೊಟ್ಟೆಕಿಚ್ಚು," ಎಂದರು. ನಂಬಿ ಹೇಳಿದರೋ, ನಮ್ಮನ್ನು ಆಡಿಸಿದರೋ… ಅವರ ಮುಖವನ್ನೇ ನೋಡಿದೆ. ಏನೂ ಸಿಗಲಿಲ್ಲ. ರಾತ್ರಿ ನನ್ನವರು, "ಇವತ್ತು ಕಾಪಾಡಿದಳು, ನಾಳೆ ಏನು ಕೇಳುತ್ತಾಳೋ," ಎಂದರು. ಅವರು ಏನನ್ನೂ ಕೇಳಲಿಲ್ಲ. ಮುಂದಿನ ಶುಕ್ರವಾರ ಮೊದಲ ಹಾಡಿಗೆ ಸರಿಯಾಗಿ ಮೆಷಿನ್ ಗರ್ ಎಂದಿತು, ಅಷ್ಟೇ.

ಕೆಲವು ವರ್ಷಗಳ ಮೇಲೆ ಅವರಿಗೆ ನಿವೃತ್ತಿಯಾಯಿತು. ಸಾಮಾನೆಲ್ಲ ಅವರಿವರಿಗೆ ಕೊಟ್ಟರು. ವಾಷಿಂಗ್ ಮೆಷಿನ್ ಕಾಕನ ಪಾಲಿಗೆ ಬಂತು. ಅವರು ವಿಮಾನ ಹತ್ತಿದ ವಾರ ಕಾಕ ನನ್ನನ್ನು ಕಂಡದ್ದೇ ತಡ, ಸಿಟ್ಟಿನಲ್ಲಿ ಹೇಳಿದರು.

"ಎಂತ ಬಾಯಮ್ಮ, ನಿಮ್ಮ ಬಿಳಿ ಅಮ್ಮ ನನ್ನನ್ನು ಮಂಗ ಮಾಡಿದ್ರಲ್ಲ! ಮೋಟರ್ ಮಾತ್ರ ತಿರುಗ್ತದೆ. ನೀರಿನ ಪೈಪೇ ಇಲ್ಲ ಅದಕ್ಕೆ. ಒಳಗೆ ಜೇಡ ಮೊಟ್ಟೆ ಇಟ್ಟಿದೆ. ಇದರಲ್ಲಿ ಬಟ್ಟೆ ತೊಳೆದು ಎಷ್ಟು ಕಾಲ ಆಯ್ತೋ!"

ನಾನು ಅಕ್ಕಿಯ ಚೀಲದ ಮೇಲೆ ಕೈಯೂರಿ ನಿಂತೆ. ನಾವು ಸಿಟ್ಟಿಗೆ ಗಟ್ಟಿಯಾಗಿ ಹಾಡಿದ, ಬೀದಿಗೆ ಒಮ್ಮೆಯೂ ಕೇಳಿಸದ ಹಾಡುಗಳೆಲ್ಲ ಒಂದೊಂದಾಗಿ ಕಿವಿಗೆ ಬಂದವು. ಆ ಶುಕ್ರವಾರ ಗೋಡೆಯ ಆಚೆ ಸದ್ದಿರಲಿಲ್ಲ. ಯಾರೂ ಹೇಳದೆಯೇ ಎಲ್ಲರೂ ಮತ್ತೆ ಸಣ್ಣ ದನಿಯಲ್ಲಿ ಹಾಡಿದೆವು.

ಈಗ ಅಕ್ಕನ ಮಗಳು ಐರ್ಲೆಂಡಿನಲ್ಲಿ ನರ್ಸ್. ಆ ಕಣಿವೆಗೆ ಹತ್ತಿರದ ಊರಿನಲ್ಲೇ ಕೆಲಸ ಎಂದು ತಿಳಿದಾಗ ಹೆಸರು ಹೇಳಿ, ಫೋನ್ ಪುಸ್ತಕ ನೋಡು ಎಂದೆ. "ಈಗ ಯಾರು ಆಂಟಿ ಅದನ್ನೆಲ್ಲ ಇಡ್ತಾರೆ?" ಎಂದು ನಕ್ಕಳು. ಆದರೂ ತನ್ನ ವಾರ್ಡಿನ ವಯಸ್ಸಾದ ರೋಗಿಯೊಬ್ಬರನ್ನು ವಿಚಾರಿಸಿದಳು. ಆ ಹೆಸರು ಸ್ಮಶಾನದ ಕಲ್ಲುಗಳ ಮೇಲೆ ಉಂಟು, ಬಾಗಿಲುಗಳ ಮೇಲೆ ಇಲ್ಲ ಎಂದರಂತೆ. ಕೊನೆಯವರು ಗಲ್ಫಿನಿಂದ ವಾಪಸು ಬಂದ ಒಬ್ಬ ನರ್ಸ್, ತೀರಿಕೊಂಡು ವರ್ಷಗಳಾದವು ಎಂದರಂತೆ.

ಅವರಿಗೆ ನಮ್ಮ ವಿಷಯ ಎಷ್ಟು ಗೊತ್ತಿತ್ತು, ಯಾವಾಗಿನಿಂದ ಗೊತ್ತಿತ್ತು… ಇನ್ನು ಕೇಳುವುದು ಯಾರನ್ನು?

ನವೆಂಬರಿನಲ್ಲಿ ಮೃತರ ಸ್ಮರಣೆಯ ಪೂಜೆಗೆ ಪ್ರತಿ ಮನೆಯಿಂದಲೂ ತೀರಿಹೋದವರ ಹೆಸರು ಕೊಡುವುದು ನಮ್ಮಲ್ಲಿ ರೂಢಿ. ಮೊನ್ನೆ, ಚರ್ಚಿನ ಪರವಾಗಿ ನಮ್ಮ ವಾಡೆಯ ಮನೆಗಳನ್ನು ನೋಡಿಕೊಳ್ಳುವ ಗುರ್ಕಾರರು ಬರೆದುಕೊಳ್ಳಲು ಬಂದಾಗ ಬಿಸಿ ಬನ್ಸ್ ಕೊಟ್ಟು ಕೂರಿಸಿದೆ. ಅತ್ತೆ, ಮಾವ, ನನ್ನವರು, ಆಮೇಲೆ ಮೇಟ್ರನ್ ಅವರ ಹೆಸರು. ಜಪಸರದ ಮೇಲೆ ಅಷ್ಟು ಮುನಿದವರು ಕೇಳಿದ್ದರೆ ನಗುತ್ತಿದ್ದರೋ ಬೈಯುತ್ತಿದ್ದರೋ. ಗುರ್ಕಾರರ ಪೆನ್ನು ನಿಂತಿತು.

"ಇದೆಂತ ಹೆಸರು ಬಾಯಿ? ನಮ್ಮವರಾ?"

"ಹೌದು, ಕುಟುಂಬದವರು."

"ನಿಮ್ಮ ತವರಿನದ್ದಾ, ಗಂಡನ ಕಡೆಯದ್ದಾ?"

"ಡಿಸೋಜ ಕಡೆಯದ್ದು," ಎಂದೆ.

ಗುರ್ಕಾರರು ಕನ್ನಡಕದ ಮೇಲಿನಿಂದ ನನ್ನನ್ನು ಸಂಶಯದಿಂದ ನೋಡಿದರು. ನಮ್ಮ ಎರಡೂ ಕಡೆಯಲ್ಲಿ ಡಿಸೋಜರಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಏನೂ ಕೇಳದೆ ಒಂದೊಂದೇ ಅಕ್ಷರ ಹೇಳಿಸಿಕೊಂಡು ಬರೆದುಕೊಂಡರು.