ಅಕ್ಕನ ಲಗ್ನ ಬರೆದಿಟ್ಟ ಯಾದಿ

ನನ್ನ ಅಕ್ಕನ ಲಗ್ನವಾದದ್ದು ಇಳಕಲ್ಲಿನ ಹೊರಗೆ, ಪ್ಲೇಗಿನ ಗುಡಿಸಲುಗಳ ನಡುವೆ. ಆ ವರ್ಷ ಊರಲ್ಲಿ ಇಲಿ ಬೀಳತೊಡಗಿದ ಮೇಲೆ ಸರಕಾರದವರು ಮನೆಗಳನ್ನು ಖಾಲಿ ಮಾಡಿಸಿದ್ದರು. ನಮ್ಮ ಓಣಿಯ ನೇಕಾರರೆಲ್ಲ ಮಗ್ಗಗಳನ್ನು ಇದ್ದಲ್ಲಿಯೇ ಬಿಟ್ಟು, ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡಿದ್ದೆವು. ನನಗೆ ಆಗ ಒಂಬತ್ತು ವರ್ಷ. ಅಕ್ಕನಿಗೆ ಹದಿನಾರು.

ಅಪ್ಪನ ಹತ್ತಿರ ಸೀರೆ ನೇಯುವುದನ್ನು ಕಲಿಯಲು ಬಂದ ಒಬ್ಬ ತರುಣ ಎರಡು ವರ್ಷದಿಂದ ನಮ್ಮಲ್ಲೇ ಇದ್ದ. ಪಟ್ಟದಕಲ್ಲಿನ ಕಡೆಯ ಹಳ್ಳಿಯವನು, ಹೊಲಕ್ಕೆ ಬಂದ ಮೇಲೆ ಬೇರೆ ಗುಡಿಸಲಿನಲ್ಲಿರುತ್ತಿದ್ದ. ಮಾತು ಕಡಿಮೆ. ಅವನಿಗೂ ಅಕ್ಕನಿಗೂ ಮನಸ್ಸು ಕೂಡಿದ್ದು ಅವ್ವನಿಗೆ ಗೊತ್ತಿತ್ತು. ಆದರೆ ಅವನ ತಾಯಿ ಊರಲ್ಲಿ ತನ್ನ ತಮ್ಮನ ಮಗಳನ್ನು ಅವನಿಗಾಗಿ ಗೊತ್ತು ಮಾಡಿಟ್ಟಿದ್ದಳು. ಬೆಳೆ ಬಂದ ಮೇಲೆ ಹೋಗಿ ಮಾತಾಡೋಣ ಎಂದು ಅಪ್ಪ ಮುಂದೂಡುತ್ತಿದ್ದ. ಅಷ್ಟರಲ್ಲಿ ಅವ್ವನಿಗೆ ಜ್ವರ ಬಂತು, ಕಂಕುಳಲ್ಲಿ ಗಂಟು ಎದ್ದಿತು.

ಗಂಟು ಎದ್ದವರನ್ನು ಹಳ್ಳದ ಆಚೆಯ ಚಪ್ಪರಕ್ಕೆ ಒಯ್ಯುತ್ತಿದ್ದರು. ಅಲ್ಲಿಂದ ತಿರುಗಿ ಬಂದವರನ್ನು ನಾನು ನೋಡಿರಲಿಲ್ಲ. ಅವ್ವ ಅಪ್ಪನನ್ನು ಕರೆದು ಹೇಳಿದಳು.

"ನನ್ನ ಒಯ್ಯೂದ್ರಾಗ ಅಕಿ ಕೊಳ್ಳಾಗ ತಾಳಿ ಬೀಳ್ಲಿ. ದೂರಿಂದನ ನೋಡ್ತೇನಿ."

ಮರುದಿನ ಬೆಳಿಗ್ಗೆಯೇ ಅಯ್ಯನವರು ಬಂದು ಆ ತರುಣನ ಕೈಯಿಂದ ತಾಳಿ ಕಟ್ಟಿಸಿದರು. ತಾಳಿಯೆಂದರೆ ಅರಿಷಿಣದ ದಾರಕ್ಕೆ ಕಟ್ಟಿದ ಅರಿಷಿಣದ ಕೊಂಬು, ಅಷ್ಟೆ. ಅಕ್ಕಿ ಇರಲಿಲ್ಲವೆಂದು ನೆರೆಯವರು ಜೋಳದ ಕಾಳನ್ನೇ ಮೇಲೆ ಹಾಕಿದರು. ಅವ್ವ ಗುಡಿಸಲಿನ ಬಾಗಿಲಲ್ಲಿ ಒರಗಿ ಕೂತು ನೋಡಿದಳು. ಅಕ್ಕ ಕಾಲು ಮುಟ್ಟಲು ಹೋದಾಗ "ಸನೇಕ ಬರಬ್ಯಾಡ" ಎಂದು ಕೈಯಾಡಿಸಿದಳು. ಅಕ್ಕ ಅಲ್ಲೇ ಮಣ್ಣಿನಲ್ಲಿ ಅಡ್ಡಬಿದ್ದಳು. ಎರಡು ದಿನಕ್ಕೆ ಅವ್ವ ಹೋದಳು. ಆ ವಾರ ಮುಗಿಯುವುದರೊಳಗೆ ಅಯ್ಯನವರೂ ಹೋದರು.

ಸುದ್ದಿ ಕೇಳಿದ ಬೀಗರು ಅವನಿಗೆ ಹೇಳಿ ಕಳಿಸಿದ್ದು ಒಂದೇ ಮಾತು: ಬರುವುದಾದರೆ ಒಬ್ಬನೇ ಬಾ. ವರ್ಷಕ್ಕೊಮ್ಮೆ ಸುಗ್ಗಿಗೆ ಅವನು ಒಬ್ಬನೇ ಹೋಗಿ ಬರುತ್ತಿದ್ದ. ಅಕ್ಕ ರೊಟ್ಟಿ ಕಟ್ಟಿಕೊಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಆದರೂ ಆ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಎರಡು ಮಗ್ಗಗಳ ಸದ್ದಿತ್ತು, ನಗುವಿತ್ತು.

ದೊಡ್ಡ ಯುದ್ಧ ಶುರುವಾದ ಮೇಲೆ ಜರ್ಮನಿಯ ಬಣ್ಣ ಬರುವುದು ನಿಂತಿತು. ಸೀರೆಗೆ ಕೆಂಪು ಎಲ್ಲಿಂದ ತರುವುದು? ಮಗ್ಗ ನಿಂತವು. ಬಾಗಲಕೋಟೆಯಲ್ಲಿ ಕೂಲಿಪಡೆಗೆ ಜನ ಸೇರಿಸಿಕೊಳ್ಳುತ್ತಿದ್ದಾರೆಂದು ಕೇಳಿ ಅವನು ಹೊರಟ. ಬಸರಾ ಎಂಬ ಊರಿಂದ ಮೂರು ಕಾರ್ಡು ಬಂದವು, ಯಾರದೋ ಕೈಯಲ್ಲಿ ಬರೆಸಿದವು. ನಾನು ಸಾಲಿಗೆ ಹೋಗಿ ನಾಲ್ಕನೆಯ ಇಯತ್ತೆ ಓದಿದ್ದರಿಂದ ಅಕ್ಕನಿಗೆ ಓದಿ ಹೇಳುವವಳು ನಾನೇ. ನಾಲ್ಕನೆಯ ಕಾರ್ಡು ಬರಲಿಲ್ಲ. ಅದರ ಬದಲು ಅದೇ ಪಡೆಯಿಂದ ತಿರುಗಿ ಬಂದ ಗುಳೇದಗುಡ್ಡದ ಮನುಷ್ಯನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಕಟ್ಟೆಯ ಮೇಲೆ ಕೂತು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದ.

"ಜ್ವರ ಬಂದು ತೀರ್ಕೊಂಡ್ರಿ. ನಾವ ನಾಕ ಮಂದಿ ಮಣ್ಣ ಕೊಟ್ವಿ. ಅಂವನ ಪೆಟಿಗಿ ಅಂವನ ತಾಲೂಕ ಬದಾಮಿ ಕಚೇರಿಗೆ ಬಂದೈತಂತ. ನಿಮ್ಮ ಮಗಳಿಗೆ ಹೇಳ್ರಿ, ಹೋಗಿ ತರಬೇಕ."

ಅಕ್ಕ ಒಳಗೆ ನಿಂತು ಕೇಳಿಸಿಕೊಂಡಳು. ಬಳೆಗಳನ್ನು ಒಡೆಯಲು ಯಾರಿಗೂ ಬಿಡಲಿಲ್ಲ, ತಾನೇ ಒಂದೊಂದಾಗಿ ಬಿಚ್ಚಿಟ್ಟಳು. ಕೊರಳಿನ ತಾಳಿಯನ್ನೂ ತೆಗೆದಳು. ಹನ್ನೆರಡನೆಯ ದಿನ ಅಪ್ಪನಿಗೆ ಅಂದಳು, "ಯಪ್ಪಾ, ಆ ಪೆಟಿಗಿ ತರೂಣು."

ನಾವು ಮೂವರೂ ಬಂಡಿಯಲ್ಲಿ ಬಾಗಲಕೋಟೆಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಬದಾಮಿಗೆ ಹೋದೆವು. ಅಕ್ಕ ರೈಲು ಹತ್ತಿದ್ದು ಅದೇ ಮೊದಲು. ಮಾಮ್ಲೇದಾರ ಕಚೇರಿಯಲ್ಲಿ ಒಬ್ಬ ಕಾರಕೂನರು ಕಾಗದ ತೆಗೆದು, ಕನ್ನಡಕ ಏರಿಸಿ, ಓದಿದರು.

"ವಾರಸದಾರಳು, ತಾಯಿ. ಲಗ್ನ ಆಗಿಲ್ಲ." ತಲೆಯೆತ್ತಿ ಅಕ್ಕನನ್ನು ನೋಡಿದರು. "ನೀವು ಯಾರು?"

"ಹೇಣ್ತಿರಿ," ಅಂದಳು ಅಕ್ಕ.

"ಅಂವನ ಅಣ್ಣಾನೂ ಬಂದು ಹೇಳಿಕೆ ಕೊಟ್ಟಾನ. ತಮ್ಮಗ ಲಗ್ನ ಆಗಿದ್ದಿಲ್ಲ, ಇಳಕಲ್ಲಿನಾಗ ಒಬ್ಬಾಕಿನ್ನ ಇಟ್ಕೊಂಡಿದ್ದ ಅಂತ." ಆಮೇಲೆ ಸ್ವಲ್ಪ ದನಿ ತಗ್ಗಿಸಿದರು. "ಅವರ ಮಾತು ಬಿಡ್ರಿ. ಇದು ಪಡೆಗೆ ಸೇರೂ ಮುಂದ ಬರಸಿದ ಕಾಗದ. ಅಂವನ ಹೆಬ್ಬಟ್ಟು ಅದ, ನೋಡ್ರಿ."

ಅಕ್ಕ ಬಾಗಿ ನೋಡಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆ ಕಪ್ಪು ಹೆಬ್ಬೆರಳಿನ ಗುರುತನ್ನೇ ನೋಡುತ್ತ ನಿಂತಳು. ಮಗ್ಗದ ಹುರಿ ಕೊಯ್ದು ಅವನ ಹೆಬ್ಬೆರಳಿನಲ್ಲಿ ಅಡ್ಡಗೆರೆಯೊಂದು ಆಗಿತ್ತು. ಅದು ಕಾಗದದಲ್ಲೂ ಮೂಡಿತ್ತು.

"ಅವರದ ಐತಿ," ಅಂದಳು.

ಅಪ್ಪ ಕೈಮುಗಿದು, ಲಗ್ನ ಕಂಡವರನ್ನು ಕರೆತರುತ್ತೇನೆ ಎಂದ. ಕಾರಕೂನರು ತಲೆಯಲ್ಲಾಡಿಸಿದರು.

"ಕರಕೊಂಡು ಬರೋರು ಎಲ್ಲಾ ನಿಮ್ಮವರೇ ಆಗ್ತಾರ. ಈಕಿ ಕೈಯಾಗ ಬಳಿ ಇಲ್ಲ, ಕೊರಳಾಗ ತಾಳಿ ಇಲ್ಲ. ನಾ ಸಾಹೇಬರಿಗೆ ಏನು ತೋರಿಸಲಿ? ಸರಕಾರದ ಕಾಗದ ಏನರೆ ಇದ್ರ ತರ್ರಿ."

ಅವರು ಕೆಟ್ಟ ಮನುಷ್ಯರಲ್ಲ. ನಾವು ಹೊರಗೆ ಬಂದಾಗ ಜವಾನನ ಕೈಯಲ್ಲಿ ನೀರು ಕಳಿಸಿದರು. ರೈಲಿನಲ್ಲಿ ಅಕ್ಕ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. "ಲಗ್ನ ಆಗಿಲ್ಲಂತ ಅವರ ತಾವ ಹೇಳಿದ್ರೋ, ಬರಕೊಂಡಾಂವ ಕೇಳದ ಬರದನೋ?" ನನಗೆ ಹದಿನೈದು ವರ್ಷ. ಬರೆದುಕೊಂಡವನೇ ತಪ್ಪು ಮಾಡಿರಬೇಕು ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ನಮ್ಮಂಥವರ ಲಗ್ನಗಳನ್ನು ಆಗ ಯಾವ ಸರಕಾರಿ ಪುಸ್ತಕದಲ್ಲೂ ಬರೆಯುತ್ತಿರಲಿಲ್ಲ. ನಮ್ಮ ನೆರೆಯ ಮುಸಲ್ಮಾನರ ಮನೆಯ ಅಜ್ಜ ಇದನ್ನು ಕೇಳಿ ಮರುಗಿದ. "ನಮ್ಮ ನಿಕಾ ಆದ್ರ ಕಾಜಿ ಸಾಹೇಬರ ಬುಕ್ಕಿನಾಗ ಇರ್ತಿತ್ತವ್ವ. ನಿಮಗ ಏನೈತಿ?" ಅಂದ. ನಮಗಿದ್ದದ್ದು ಕಂಡವರ ಕಣ್ಣು ಮಾತ್ರ. ಆ ಕಣ್ಣುಗಳಲ್ಲಿ ಅರ್ಧದಷ್ಟು ಆ ಹೊಲದಲ್ಲೇ ಮುಚ್ಚಿದ್ದವು.

ದಾರಿ ತೋರಿಸಿದವರು ನಮ್ಮೂರಿನ ಕುಲಕರ್ಣಿಯವರು. ಊರಿನ ಲೆಕ್ಕಪತ್ರ ಬರೆಯುವ ಮುದುಕರು. ಅಪ್ಪ ಹೇಳಿದ್ದನ್ನೆಲ್ಲ ಕೇಳಿ ಅಂದರು.

"ಲಗ್ನದ ದಾಖಲೆ ಇಲ್ಲ. ಖರೆ, ಪ್ಲೇಗಿನಾಗ ಗುಡಿಸಲಕ್ಕ ನಂಬರ್ ಹಾಕಿ, ದಿನಾ ಮುಂಜಾನೆ ತಲಿ ಎಣಸ್ತಿದ್ವಿ, ನೆನಪದನು? ಯಾವ ಗುಡಿಸಲದಾಗ ಯಾರು, ಯಾರಿಗೆ ಯಾರು ಏನಾಗಬೇಕು, ಎಲ್ಲಾ ನಾನ ಬರದೇನಿ. ಆ ಯಾದಿ ಹುನಗುಂದ ಕಚೇರಿಗೆ ಹೋಗ್ಯದ. ಹುಳ ತಿಂದಿರದಿದ್ರ ಸಿಗ್ತದ."

ಹುನಗುಂದಕ್ಕೆ ನಸುಕಿನಲ್ಲೇ ನಡೆದು ಹೋದೆವು. ಅರ್ಜಿ ಕೊಟ್ಟು ಎರಡು ದಿನ ಕಚೇರಿಯ ಬೇವಿನ ಮರದ ಕೆಳಗೆ ಕೂತೆವು. ಮೂರನೆಯ ದಿನ ದಫ್ತರದ ಕಾರಕೂನರು ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟನ್ನು ಬಿಚ್ಚಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಹಾಳೆಗಳನ್ನು ಮೂಗಿನ ಹತ್ತಿರ ಹಿಡಿದು ತೊಳಲಾಡುವುದನ್ನು ನೋಡಿ ಅಪ್ಪ, "ನಮ್ಮ ಸಣ್ಣಾಕಿ ಓದ್ತಾಳ್ರಿ" ಎಂದ. ಅವರು ಆಶ್ಚರ್ಯದಿಂದ ನನ್ನನ್ನು ನೋಡಿ, "ಓದವಾ" ಎಂದು ಹಾಳೆಗಳನ್ನು ನನ್ನ ಮುಂದೆ ಸರಿಸಿದರು.

ಪುಟದ ಮೇಲೆ ಪುಟ ತಿರುವಿದೆ. ಪರಿಚಯದ ಮನೆತನಗಳು. ಮೇಲಿಂದ ಮೇಲೆ ಹೆಸರುಗಳ ಮೇಲೆ ಕೆಂಪು ಮಸಿಯ ಗೆರೆ. ನನ್ನ ಜೊತೆ ಆಡುತ್ತಿದ್ದ ಇಬ್ಬರು ಹುಡುಗಿಯರು ಅಲ್ಲಿದ್ದರು, ಅವರ ಮೇಲೂ ಗೆರೆ ಇತ್ತು. ಕೊನೆಗೆ ನಮ್ಮ ಗುಡಿಸಲು ಸಿಕ್ಕಿತು. ಅಪ್ಪನ ಹೆಸರು, ಯಜಮಾನ. ಅವ್ವನ ಹೆಸರು, ಹೆಂಡತಿ. ಮಗಳು ದೊಡ್ಡವಳು. ಮಗಳು ಸಣ್ಣವಳು. ಅವುಗಳ ಕೆಳಗೆ ಬೇರೆ ದಿನದ ಮಸಿಯಲ್ಲಿ ಅವನ ಹೆಸರು, ಊರು, ಅದರ ಮುಂದೆ "ಅಳಿಯ, ದೊಡ್ಡ ಮಗಳ ಗಂಡ. ಇಂದು ಲಗ್ನವಾಗಿ ಸೇರಿದವನು."

ನಾನು ಗಟ್ಟಿಯಾಗಿ ಓದಿದೆ. ಅಪ್ಪ ರುಮಾಲಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡ. ಅಕ್ಕ ಹತ್ತಿರ ಬಂದು, "ಎಲ್ಲೈತಿ?" ಎಂದಳು. ಬೆರಳಿಟ್ಟು ತೋರಿಸಿದೆ. ಅವಳ ಬೆರಳು ಅಲ್ಲಿಂದ ಮೆಲ್ಲಗೆ ಮೇಲೆ ಸರಿದು ಕೆಂಪು ಗೆರೆಯ ಹತ್ತಿರ ನಿಂತಿತು.

"ಇದ ಅವ್ವನ?"

"ಹೂಂ."

ಅವ್ವನ ಹೆಸರನ್ನು ನಾನು ಅಕ್ಷರದಲ್ಲಿ ನೋಡಿದ್ದು ಅದೊಂದೇ ಸಲ. ಕಾರಕೂನರು ಅವಸರ ಮಾಡಲಿಲ್ಲ. ಆಮೇಲೆ ನಕಲು ಬರೆಯಿಸಿ, ಶಿಕ್ಕಾ ಹೊಡೆದು ಕೊಟ್ಟರು. ಅಕ್ಕ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಬದಾಮಿಯಲ್ಲಿ ಸಾಹೇಬರು ಗೊತ್ತು ಮಾಡಿದ ದಿನ ಅವನ ತಾಯಿಯೂ ಅಣ್ಣನೂ ಬಂದಿದ್ದರು. ಅಕ್ಕ ಅತ್ತೆಯನ್ನು ಕಂಡದ್ದು ಅದೇ ಮೊದಲು. ಒಣಗಿದ ಕಡ್ಡಿಯಂಥ ಹೆಂಗಸು, ಅವನದೇ ಗದ್ದ. ಕಾರಕೂನರು ನಕಲನ್ನು ಓದಿದರು. ಅಣ್ಣ ಏನೋ ಹೇಳಲು ಬಾಯಿ ತೆರೆದ. ಸಾಹೇಬರು ಕೈಯೆತ್ತಿ ಸುಮ್ಮನಾಗಿಸಿ, ಪೆಟ್ಟಿಗೆಯನ್ನು ಹೆಂಡತಿಗೆ ಕೊಡಬೇಕೆಂದು ಬರೆಸಿದರು. ಅಕ್ಕ ಹೆಬ್ಬಟ್ಟು ಒತ್ತಿದಳು. ಅವಳ ಗುರುತಿನ ಮುಂದೆ ಕಾರಕೂನರು ಬರೆದರು: ಮೃತನ ವಿಧವೆ.

ಪೆಟ್ಟಿಗೆಯನ್ನು ಕಚೇರಿಯ ಪಡಸಾಲೆಯಲ್ಲೇ ತೆರೆದೆವು. ಒಂದು ಉಣ್ಣೆಯ ಅಂಗಿ, ತಗಡಿನ ತಾಟು, ಹಣಿಗೆ, ವಿಭೂತಿಯ ಗಟ್ಟಿಯ ಅರ್ಧ ತುಂಡು. ಅಕ್ಕ ಅಂಗಿಯನ್ನು ಕೊಡವಿದಳು, ಕಿಸೆಯಲ್ಲಿ ಕೈಹಾಕಿದಳು, ಪೆಟ್ಟಿಗೆಯ ತಳವನ್ನು ಉಗುರಿನಿಂದ ತಟ್ಟಿ ನೋಡಿದಳು. ತನ್ನದು ಅನ್ನುವಂಥದ್ದು ಏನಾದರೂ ಇದ್ದೀತೆಂದು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಏನೂ ಇರಲಿಲ್ಲ.

ದೂರದಲ್ಲಿ ನಿಂತಿದ್ದ ಮುದುಕಿ ಆಗ ಬಂದು ನೆಲಕ್ಕೆ ಕೂತಳು. "ಆ ಅಂಗಿ ಒಂದ ಸಲ ಕೊಡ್ತೀಯೇನ, ಯವ್ವಾ," ಅಂದಳು. ಅಕ್ಕ ಕೊಟ್ಟಳು. ಮುದುಕಿ ಅದರಲ್ಲಿ ಮುಖ ಹುದುಗಿಸಿ ಅತ್ತ ಅಳು ಕಚೇರಿಯ ಒಳಗೂ ಕೇಳಿಸಿ, ಬರೆಯುವವರು ಬರೆಯುವುದನ್ನು ನಿಲ್ಲಿಸಿದರು. ಅಕ್ಕ, ಆವರೆಗೆ ಒಂದು ಹನಿ ಕಣ್ಣೀರು ಹಾಕದವಳು, ಅವಳ ಪಕ್ಕದಲ್ಲಿ ಕೂತು ಅತ್ತಳು. ಅಣ್ಣ ಮೆಟ್ಟಿಲ ಮೇಲೆ ನಿಂತು ಬೇರೆ ಕಡೆ ನೋಡುತ್ತಿದ್ದ.

"ನಡಿ ಮನಿಗೆ," ಅಂದಳು ಮುದುಕಿ ಕೊನೆಗೆ. "ತಪ್ಪ ಆತು. ನಡಿ."

ಅಪ್ಪನಿಗೆ ಇಷ್ಟವಿರಲಿಲ್ಲ. ಹರೆಯದವಳು, ನಮ್ಮಲ್ಲಿ ಉಡಿಕೆ ಮಾಡಿ ಮತ್ತೊಬ್ಬನಿಗೆ ಕೊಡುವ ರೂಢಿ ಇತ್ತು, ಅಪ್ಪನ ಮನಸ್ಸಿನಲ್ಲಿ ಅದು ಇದ್ದಿರಬೇಕು. ಅಕ್ಕ ಕೇಳಲಿಲ್ಲ. ಎಂಟು ದಿನವೆಂದು ಹೋದವಳು ಆ ಹಳ್ಳಿಯಲ್ಲೇ ಉಳಿದಳು.

ಮರುವರ್ಷ ನನ್ನ ಲಗ್ನಕ್ಕೆ ಕರೆಯಲು ಹೋದಾಗ ಅವಳು ಮಲಪ್ರಭೆಯ ದಂಡೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು. ಬದುವಿನ ಮೇಲೆ ಇಬ್ಬರೂ ಬುತ್ತಿ ಬಿಚ್ಚಿದೆವು. ಅತ್ತೆ ಹೇಗೆ ನೋಡಿಕೊಳ್ಳುತ್ತಾಳೆಂದು ಕೇಳಿದೆ.

"ಚೊಲೊ ನೋಡ್ಕೋತಾಳ. ದಿನಾ ಒಂದ ಮಾತ ಹೇಳ್ತಾಳ, ನನ್ನ ಮಗ ಹಂಗ ಬರಸಿರಾಕಿಲ್ಲ, ಅವರು ಕೇಳದ ಬರಕೊಂಡಾರ ಅಂತ. ನಾ ಹೌದ್ರಿ ಅಂತೇನಿ."

"ನಿನಗ ಏನ ಅನಸ್ತೈತಿ?"

ಅವಳು ರೊಟ್ಟಿ ಮುರಿದು ನನ್ನ ಕೈಗೆ ಹಾಕಿದಳು.

"ಲಗ್ನ ಆಗಿಲ್ಲ ಅಂದ್ರ ಅವರವ್ವಗ ಪಗಾರದ ರೊಕ್ಕ ಹೋಗ್ತೈತಿ, ಅಕಿ ಸಿಟ್ಟ ಬಿಡ್ತಾಳ ಅಂತ ಹಂಗ ಬರಸಿರಬೇಕ," ಅಂದಳು. "ತಿರಗಿ ಬಂದ ಮ್ಯಾಲ ನನಗ ಹೇಳಬೇಕಂತ ಇದ್ದರೇನೋ."

ಆಮೇಲೆ ಕುಡುಗೋಲು ತೆಗೆದುಕೊಂಡು, ಬಿಸಿಲು ಏರುವುದರೊಳಗೆ ಆ ಸಾಲು ಮುಗಿಸಬೇಕು ಎಂದು ಎದ್ದಳು.