ತಮ್ಮನ ಕಣ್ಣಿನ ಚಿತ್ರ ತೆಗೆದ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಣ್ಣಾಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಎಲ್ಲರ ‘ಸ್ಕ್ಯಾನಿಂಗ್ ಅಕ್ಕ’ ಕಣ್ಣಿನ ಚಿತ್ರ ತೆಗೆಯುವ ಯಂತ್ರದ ಗದ್ದ ಊರುವ ಪಟ್ಟಿಯನ್ನು ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದಾರೆ. ಕಿಟಕಿಗೆ ಕಪ್ಪು ಪರದೆ ಇದೆ. ಊರಿಗೆಲ್ಲ ಬೆಳಗಾದರೂ ಇವರ ಬದುಕು ಕತ್ತಲಲ್ಲೇ. ದಿನಕ್ಕೆ ನಲವತ್ತೈವತ್ತು ಜನ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಏಳುತ್ತಾರೆ.

ಕಣ್ಣಿನ ಮುಂಭಾಗದ ಗಾಜಿನಂಥ ಪೊರೆಯೇ ಕಾರ್ನಿಯಾ. ಅದರ ಏರುತಗ್ಗನ್ನು ಯಂತ್ರ ಬಣ್ಣಗಳಲ್ಲಿ ತೋರಿಸುತ್ತದೆ. ಕೆಳಭಾಗದಲ್ಲಿ ಕೆಂಪು ಮೂಡಿದರೆ ಪೊರೆ ತೆಳುವಾಗಿ ಉಬ್ಬುತ್ತಿರುವ ಅನುಮಾನ. ಇದು ಕೆರಟೋಕೋನಸ್. ಶುರುವಿನಲ್ಲಿ ಯಾರಿಗೂ ಗೊತ್ತಾಗದು, ಕನ್ನಡಕದ ನಂಬರು ಬದಲಾಯಿತು ಅಂದುಕೊಂಡು ಸುಮ್ಮನಾಗುತ್ತಾರೆ. ಇಂಥ ಕಣ್ಣಿಗೆ ಲೇಸರ್ ಮಾಡಿ ಕನ್ನಡಕ ಬಿಡಿಸಹೊರಟರೆ ಇರುವ ದೃಷ್ಟಿಗೂ ಸಂಚಕಾರ.

‘ಲೇಸರ್ ಆಗದು’ ಎನ್ನುವವರು ವೈದ್ಯರು. ದೂರು ಬರುವುದು ಮಾತ್ರ ಅಕ್ಕನ ಮೇಲೆ. “ಮೆಷಿನ್ ಕೆಟ್ಟಿದೆ ಅಂತಾರೆ. ಇನ್ನು ಕೆಲವರು ನನ್ನ ಮುಖಾನೇ ಸರಿ ಇಲ್ಲ ಅಂತಾರೆ. ಅದನ್ನ ಯಾವ ಮೆಷಿನ್ನಿಗೆ ತೋರಿಸ್ಲಿ?”

ಎರಡು ವರ್ಷದ ಹಿಂದೆ ಲೇಸರ್ ಬೇಕೆಂದು ಬಂದವನು ಸ್ವಂತ ತಮ್ಮ. ತಾಯಿ ತೀರಿಕೊಂಡ ಮೇಲೆ ಅಕ್ಕನೇ ಎತ್ತಿ ಆಡಿಸಿ ಬೆಳೆಸಿದವನು. ಹಡಗು ನಡೆಸುವ ಕೆಲಸಕ್ಕೆ ಆಯ್ಕೆಯಾಗಿದ್ದ, ಕನ್ನಡಕ ಇರಕೂಡದಿತ್ತು. ಚಿತ್ರ ತೆಗೆದರೆ ಕೆಂಪು. ಎಂಥ ಕರ್ಮ ನೋಡಿ, ಮತ್ತೆ ಮತ್ತೆ ತೆಗೆದರೂ ಅದೇ ಕೆಂಪು.

“ಯಾರದಾದ್ರೂ ಚೆನ್ನಾಗಿರೋ ಚಿತ್ರ ನನ್ನ ಹೆಸರಿಗೆ ಹಾಕಕ್ಕ. ಯಾರಿಗ್ ಗೊತ್ತಾಗುತ್ತೆ?” ಎಂದು ಅವನು ಕೈ ಹಿಡಿದುಕೊಂಡ.

“ನಂಗ್ ಗೊತ್ತಾಗುತ್ತಲ್ಲೋ,” ಎಂದರು ಅಕ್ಕ.

ಇದ್ದ ಚಿತ್ರವೇ ವೈದ್ಯರ ಮೇಜಿಗೆ ಹೋಯಿತು. ಕೆಲಸ ಕೈತಪ್ಪಿತು. ಉಬ್ಬು ಹೆಚ್ಚದಂತೆ ವೈದ್ಯರು ಔಷಧದ ಹನಿ ಹಾಕಿ, ಬೆಳಕು ಹಾಯಿಸಿ ಪೊರೆಯನ್ನು ಗಟ್ಟಿ ಮಾಡಿದರು. ತಮ್ಮ ಬೇರೆ ಮನೆ ಮಾಡಿಕೊಂಡ, ಅಕ್ಕನೊಡನೆ ಮಾತು ಬಿಟ್ಟ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಮಾತ್ರ ತಪ್ಪದೆ ಬರುತ್ತಾನೆ.

ಇವತ್ತೂ ಬಂದಿದ್ದಾನೆ. ಸಾಲಿನಲ್ಲಿ ನಿಂತು, ಸರದಿ ಬಂದಾಗ ಒಳಗೆ ಬರುತ್ತಾನೆ. “ಬನ್ನಿ, ಕೂತ್ಕೊಳ್ಳಿ,” ಎನ್ನುತ್ತಾರೆ ಅಕ್ಕ. ಕೂರುತ್ತಾನೆ. ಚಿತ್ರ ಮೂಡುತ್ತದೆ. ಉಬ್ಬು ಕೂದಲೆಳೆಯಷ್ಟೂ ಮುಂದುವರಿದಿಲ್ಲ. ಅವನು ಎದ್ದು, ಮುಖ ನೋಡದೆ ಹೊರಟುಹೋಗುತ್ತಾನೆ.

ಅಕ್ಕ ಬಾಗಿಲ ಕಡೆ ನೋಡುತ್ತಾ ನಿಲ್ಲುತ್ತಾರೆ. “ಎತ್ತಿ ಆಡಿಸಿದೋನಿಗೆ ‘ಬನ್ನಿ, ಕೂತ್ಕೊಳ್ಳಿ’ ಅಂತೀನಿ. ‘ಯಾಕ್ ಹಂಗಂತೀಯಾ’ ಅಂತ ಅವ್ನು ಒಂದ್ ಸಲ ಬೈದಿದ್ರೆ ಸಾಕಾಗಿತ್ತು.”